ಕಡಲ ಬಂಡೆ: ಬಿತ್ತದೆ ಬೆಳೆಯುವ ಗದ್ದೆ



ಗದ್ದೆ, ತೋಟ, ದೋಣಿ, ಬಲೆ ಇವುಗಳ ವಿಷಯದಲ್ಲಿ ನಿಮಗೆ ಬೇರೆಯವರು ಹೇಳಿಕೊಡಬೇಕಾದುದು ಹೆಚ್ಚಿಲ್ಲ. ಆದರೆ ಊರಿನ ಅಂಚಿನಲ್ಲಿಯೇ ಇರುವ ಒಂದು ಆಸ್ತಿಯನ್ನು ನಮ್ಮಲ್ಲಿ ಅನೇಕರು ಆಸ್ತಿಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಯಾರ ಪಹಣಿಯಲ್ಲಿಯೂ ಇಲ್ಲ. ಅದಕ್ಕೆ ಕಂದಾಯವಿಲ್ಲ, ಬೇಲಿಯಿಲ್ಲ. ಸಮುದ್ರವು ದಿನಕ್ಕೆ ಎರಡು ಸಲ ಅದನ್ನು ಮುಚ್ಚುತ್ತದೆ, ಎರಡು ಸಲ ತೆರೆದು ತೋರಿಸುತ್ತದೆ. ಭರತಕ್ಕೆ ಮುಳುಗಿ ಇಳಿತಕ್ಕೆ ಕಾಣಿಸಿಕೊಳ್ಳುವ ಕಡಲಂಚಿನ ಬಂಡೆಗಳೇ ಆ ಆಸ್ತಿ. ಅವುಗಳ ಮೇಲೆ ಏನು ಬೆಳೆಯುತ್ತದೆ, ಹೇಗೆ ಬೆಳೆಯುತ್ತದೆ, ಯಾವುದರಿಂದ ಹಾಳಾಗುತ್ತದೆ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ನಮ್ಮ ರಾಜ್ಯದ ಕಡಲತೀರ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದೆ. ಅದರಲ್ಲಿ ಮರಳೇ ಹೆಚ್ಚು. ಆದರೆ ಮಂಗಳೂರಿನ ದಕ್ಷಿಣಕ್ಕಿರುವ ಸೋಮೇಶ್ವರ, ದೀಪಸ್ತಂಭ ನಿಂತಿರುವ ಕಾಪು, ಬೈಂದೂರು, ಮುರುಡೇಶ್ವರ, ಗೋಕರ್ಣ, ಕಾರವಾರ ಈ ಎಡೆಗಳಲ್ಲಿ ಕಲ್ಲು ನೇರವಾಗಿ ನೀರಿಗಿಳಿದಿರುವುದನ್ನು ನೀವು ಕಂಡಿದ್ದೀರಿ. ಉತ್ತರ ಕನ್ನಡದಲ್ಲಂತೂ ಗುಡ್ಡಗಳೇ ಕಡಲಿನವರೆಗೆ ನಡೆದು ಬಂದಿವೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿದ ಶಿಲಾರಸ ಆರಿ ಗಟ್ಟಿಯಾದುದರಿಂದ ಉಂಟಾದವು. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಬಂದವರು ಕಂಬವನ್ನು ನೋಡುತ್ತಾರೆಯೇ ಹೊರತು ಕಂಬದ ಬುಡದಲ್ಲಿ ಅಂಟಿಕೊಂಡಿರುವ ಜೀವಿಗಳ ಕಡೆಗೆ ಬಗ್ಗಿ ನೋಡುವವರು ಕಡಮೆ.

ಮೊದಲು ನೀರಿನ ಏರಿಳಿತದ ಲೆಕ್ಕ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದುದರಿಂದಲೇ ಭರತದ ಸಮಯ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸಮೀಪದಲ್ಲಿ ಚಂದ್ರಸೂರ್ಯರ ಸೆಳೆತ ಒಂದುಗೂಡುವುದರಿಂದ ನೀರು ಬಹಳ ಏರಿ ಬಹಳ ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರಿಳಿತ ಕಡಮೆ. ನಮ್ಮ ತೀರದಲ್ಲಿ ದೊಡ್ಡ ಏರಿಳಿತವೆಂದರೆ ಒಂದೂವರೆಯಿಂದ ಎರಡು ಮೀಟರ್. ಒಬ್ಬ ಆಳಿನೆತ್ತರ, ಅಷ್ಟೇ. ಗುಜರಾತಿನ ಖಂಭಾತ ಕೊಲ್ಲಿಯಲ್ಲಿ ಇದು ಹತ್ತು ಮೀಟರಿಗೂ ಮಿಕ್ಕುತ್ತದೆ. ನಮ್ಮದು ಆಳೆತ್ತರವೇ ಆದರೂ ಆ ಆಳೆತ್ತರದ ಕಲ್ಲಿನಲ್ಲಿ ಮೂರು ಬೇರೆ ಬೇರೆ ಲೋಕಗಳಿವೆ.

ದಕ್ಷಿಣ ಕನ್ನಡ, ಉಡುಪಿ ಕಡೆಯ ರೈತರು ಭೂಮಿಯನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ಹೇಳುತ್ತಾರಷ್ಟೆ. ಮಳೆಯ ನೀರನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು, ನಡುವಿನದು ಮಜಲು, ಸದಾ ನೀರು ನಿಲ್ಲುವ ತಗ್ಗು ಬೈಲು. ಕಡಲ ಬಂಡೆಯೂ ಹೀಗೆಯೇ ಇದೆ. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ಹೋಗಿ ನೋಡಿರಿ.

ಬಂಡೆಯ ಬೆಟ್ಟಿಗೆ ತೆರೆಯ ತುಂತುರು ಮಾತ್ರ ತಲಪುತ್ತದೆ. ಇಲ್ಲಿ ಕಡಲೆಕಾಳಿನಷ್ಟು ಸಣ್ಣ ಶಂಖುಹುಳುಗಳು ಕಲ್ಲಿನ ಬಿರುಕಿನಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ. ಬಿಸಿಲೇರಿದಾಗ ಬಾಯಿಯ ಮುಚ್ಚಳ ಹಾಕಿಕೊಂಡು, ಒಳಗಿನ ತೇವವನ್ನು ಉಳಿಸಿಕೊಂಡು, ನೀರಿಲ್ಲದೆ ದಿನಗಟ್ಟಲೆ ಬದುಕುವ ಶಕ್ತಿ ಇವುಗಳಿಗಿದೆ. ಮಳೆಗಾಲದಲ್ಲಿ ಇದೇ ಎತ್ತರದಲ್ಲಿ ನಸುಗೆಂಪು ಬಣ್ಣದ, ತೆಳ್ಳಗೆ ಕಾಗದದಂಥ ಒಂದು ಕಡಲ ಪಾಚಿ ಬೆಳೆಯುತ್ತದೆ. ಅದರ ಕಥೆಯನ್ನು ಮುಂದೆ ಹೇಳುತ್ತೇವೆ.

ಮಜಲಿನಲ್ಲಿ ಬಿಳಿಯ ಸಣ್ಣ ಗೋಪುರಗಳಂಥ ಚಿಪ್ಪುಗಳು ಕಲ್ಲಿಗೆ ಸಿಮೆಂಟು ಹಾಕಿದಂತೆ ಅಂಟಿರುತ್ತವೆ. ಬರಿಗಾಲಿನಲ್ಲಿ ನಡೆದವರ ಅಂಗಾಲು ಕೊಯ್ಯುವುದು ಇವೇ. ದೋಣಿಯ ಅಡಿಗೆ ಹತ್ತಿ ಓಟವನ್ನು ತಗ್ಗಿಸುವುದೂ ಇವೇ. ಇಂಗ್ಲಿಷಿನಲ್ಲಿ ಬಾರ್ನಕಲ್ ಎನ್ನುತ್ತಾರೆ. ನೋಡಲು ಕಪ್ಪೆಚಿಪ್ಪಿನ ಬಳಗದಂತೆ ಕಂಡರೂ ಇದು ಸಿಗಡಿ ಏಡಿಗಳ ಕುಲದ್ದು. ಚಿಪ್ಪಿನೊಳಗೆ ಬೆನ್ನಡಿಯಾಗಿ ಮಲಗಿ, ನೀರು ಬಂದೊಡನೆ ಮುಚ್ಚಳ ತೆರೆದು, ಕಾಲುಗಳನ್ನೇ ಬೀಸಣಿಗೆಯಂತೆ ಬೀಸಿ ಆಹಾರವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷಗಳ ಕಾಲ ಈ ಒಂದು ಜೀವಿಯ ಅಧ್ಯಯನಕ್ಕೇ ಕುಳಿತಿದ್ದನೆಂದರೆ ಇದನ್ನು ಕ್ಷುಲ್ಲಕವೆನ್ನುವಂತಿಲ್ಲ.

ಮಜಲಿನಲ್ಲಿಯೇ ಟೋಪಿಯ ಆಕಾರದ ಚಿಪ್ಪು ಹೊತ್ತ ಇನ್ನೊಂದು ಹುಳು ಇದೆ. ಭರತದ ಹೊತ್ತಿನಲ್ಲಿ ಕಲ್ಲಿನ ಮೇಲಿನ ಪಾಚಿಯನ್ನು ಮೇಯುತ್ತ ಹೊರಡುತ್ತದೆ. ಈ ಬಳಗದ ಹಲವು ಜಾತಿಗಳು ಇಳಿತಕ್ಕೆ ಮುಂಚೆ ತಮ್ಮ ಸ್ವಂತ ಜಾಗಕ್ಕೇ, ಕಲ್ಲಿನಲ್ಲಿ ತಮ್ಮ ಚಿಪ್ಪಿನ ಅಂಚಿಗೆ ಸರಿಯಾಗಿ ಸವೆದ ಗುಳಿಗೇ, ಹಿಂದಿರುಗುತ್ತವೆ. ಮೇವಿಗೆ ಹೋದ ದನ ತನ್ನ ಗೂಟಕ್ಕೇ ಬಂದು ನಿಂತ ಹಾಗೆ. ಇದರ ನಾಲಗೆಯ ಮೇಲಿನ ಹಲ್ಲಿನಲ್ಲಿ ಕಬ್ಬಿಣದ ಖನಿಜವಿದ್ದು, ಜೀವಿಗಳು ನಿರ್ಮಿಸುವ ವಸ್ತುಗಳಲ್ಲೆಲ್ಲ ಅದೇ ಅತ್ಯಂತ ಗಟ್ಟಿಯೆಂದು 2015ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಅಳೆದು ಹೇಳಿದರು. ಈ ಹುಳುಗಳು ಮೇಯದಿದ್ದರೆ ಬಂಡೆಯೆಲ್ಲ ಪಾಚಿಗಟ್ಟಿ, ಹೊಸ ಚಿಪ್ಪಿನ ಮರಿಗಳಿಗೆ ಕಾಲೂರಲು ಎಡೆಯೇ ಸಿಗುವುದಿಲ್ಲ.

ಬಂಡೆಯ ಬೈಲೇ ಫಲವತ್ತಾದುದು. ಕಲ್ಲಿಗೆ ಒಂದು ಪಕ್ಕವನ್ನೇ ಅಂಟಿಸಿಕೊಂಡ ಕಲ್ವ, ಅದರ ಕೆಳಗೆ ಹಸಿರು ಅಂಚಿನ ಪಚ್ಚಿಲೆ. ಪಚ್ಚಿಲೆಗೆ ಕಾರವಾರದ ಕಡೆ ಶಿನಾಣೆ ಎನ್ನುತ್ತಾರೆ; ಕೇರಳದವರ ಕಲ್ಲುಮ್ಮಕಾಯಿ ಇದೇ. ಇವುಗಳ ನಡುವೆ ಏಡಿಗಳು, ಕಡಲ ಹೂಗಳು, ನಕ್ಷತ್ರಮೀನು, ಮುಳ್ಳುಚೆಂಡಿನಂಥ ಪ್ರಾಣಿ, ಮರಿಮೀನುಗಳು. ಮುರು, ಕೆಂಬೇರಿ ಮೊದಲಾದ ಬೆಲೆಬಾಳುವ ಮೀನುಗಳೂ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯೂ ಆಶ್ರಯ ಪಡೆಯುವುದು ಇಂಥ ಬಂಡೆಯ ಸಂದುಗಳಲ್ಲಿ. ತೀರದ ಕಲ್ಲು ಬರಿದಾದರೆ ಗಾಳದವರಿಗೂ ಕಲ್ಲುಬಲೆಯವರಿಗೂ ಅದರ ಪೆಟ್ಟು ತಟ್ಟದೆ ಇರದು.

ಒಂದೊಂದು ಜೀವಿಯೂ ತನ್ನ ಎತ್ತರದಲ್ಲಿಯೇ ಏಕೆ ಇರುತ್ತದೆ? ಮೇಲಕ್ಕೆ ಹೋಗದಂತೆ ತಡೆಯುವುದು ಬಿಸಿಲು ಮತ್ತು ಒಣಗು. ಇದು ಸುಲಭವಾಗಿ ತಿಳಿಯುತ್ತದೆ. ಕೆಳಕ್ಕೆ ಇಳಿಯದಂತೆ ತಡೆಯುವುದು ಯಾವುದು? ಜೋಸೆಫ್ ಕಾನೆಲ್ ಎಂಬ ವಿಜ್ಞಾನಿ ಸ್ಕಾಟ್ಲೆಂಡಿನ ತೀರದಲ್ಲಿ ಎರಡು ಜಾತಿಯ ಬಾರ್ನಕಲ್‌ಗಳನ್ನು ವರ್ಷಗಟ್ಟಲೆ ಎಣಿಸಿ 1961ರಲ್ಲಿ ಉತ್ತರ ಕೊಟ್ಟನು. ಕೆಳಗಿನ ಜಾತಿಯನ್ನು ಕೆರೆದು ತೆಗೆದಲ್ಲಿ ಮೇಲಿನ ಜಾತಿ ಕೆಳಗೂ ಸುಖವಾಗಿ ಬದುಕಿತು. ಬಿಟ್ಟಲ್ಲಿ ಕೆಳಗಿನದು ಬೇಗ ಬೆಳೆದು ಮೇಲಿನದನ್ನು ಒತ್ತಿ, ಎಬ್ಬಿ ಕಿತ್ತುಹಾಕಿತು. ಅಂದರೆ ಮೇಲಿನ ಗಡಿಯನ್ನು ಹವೆ ಹಾಕುತ್ತದೆ, ಕೆಳಗಿನ ಗಡಿಯನ್ನು ನೆರೆಹೊರೆಯವರು ಹಾಕುತ್ತಾರೆ. ದಾಯಾದಿಗಳ ಜಗಳ ಮನುಷ್ಯರಲ್ಲಿ ಮಾತ್ರವಲ್ಲ.

ಇನ್ನೂ ಮುಖ್ಯವಾದ ಪ್ರಯೋಗವೊಂದು ಅಮೇರಿಕದ ವಾಷಿಂಗ್ಟನ್ ರಾಜ್ಯದ ತೀರದಲ್ಲಿ ನಡೆಯಿತು. 1963ರಲ್ಲಿ ರಾಬರ್ಟ್ ಪೇಯ್ನ್ ಎಂಬ ವಿಜ್ಞಾನಿ ಎಂಟು ಮೀಟರ್ ಉದ್ದ, ಎರಡು ಮೀಟರ್ ಅಗಲದ ಒಂದು ಬಂಡೆಯ ತುಂಡನ್ನು ಗುರುತುಮಾಡಿ, ಅದರ ಮೇಲಿದ್ದ ಒಂದು ಜಾತಿಯ ನಕ್ಷತ್ರಮೀನನ್ನು ಮಾತ್ರ ಮೀಟಿ ತೆಗೆದು ಕಡಲಿಗೆ ಎಸೆಯುತ್ತ ಬಂದನು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಮೊದಲು ಅಲ್ಲಿ ಹದಿನೈದು ಜಾತಿಯ ಜೀವಿಗಳಿದ್ದುವು; ಕ್ರಮೇಣ ಎಂಟಕ್ಕೆ ಇಳಿದುವು. ಪಚ್ಚಿಲೆಯ ಬಂಧುವಾದ ಒಂದು ಚಿಪ್ಪು ಇಡೀ ಕಲ್ಲನ್ನು ಆಕ್ರಮಿಸುತ್ತ ಬಂತು. ನಕ್ಷತ್ರಮೀನು ಆ ಚಿಪ್ಪನ್ನು ತಿಂದು ಉಳಿದವರಿಗೆ ಜಾಗ ಬಿಡಿಸಿಕೊಡುತ್ತಿತ್ತೆಂದು ಆಗ ತಿಳಿಯಿತು. ಕಮಾನಿನ ನೆತ್ತಿಯ ನಡುಗಲ್ಲನ್ನು ತೆಗೆದರೆ ಕಮಾನೇ ಬೀಳುವಂತೆ, ಒಂದು ಜೀವಿ ಹೋದರೆ ಸಮುದಾಯವೇ ಕುಸಿಯುವುದುಂಟು ಎಂಬ ಮಾತು ಜೀವಶಾಸ್ತ್ರಕ್ಕೆ ಬಂದುದು ಈ ಕೆಲಸದಿಂದ. ಯಾರ ಕೆಲಸ ಏನೆಂದು ತಿಳಿಯುವ ಮೊದಲು ಅವರನ್ನು ಕೆಲಸಕ್ಕೆ ಬಾರದವರೆನ್ನಬಾರದು.

ಇದೆಲ್ಲ ಪರದೇಶದ ಪಂಡಿತರ ಮಾತಾಯಿತು, ನಮ್ಮ ಹಳ್ಳಿಗೆ ಇದರಿಂದ ಏನು ಎಂದು ನೀವು ಕೇಳಬಹುದು. ದಕ್ಷಿಣ ಅಮೇರಿಕದ ಚಿಲಿ ದೇಶದ ಬೆಸ್ತರ ಸಂಗತಿ ನಿಮಗೆ ಹಿಡಿಸೀತು. ಅಲ್ಲಿಯ ಬಂಡೆಗಳಲ್ಲಿ ಲೋಕೋ ಎಂಬ ಮುಷ್ಟಿಗಾತ್ರದ, ಮಾಂಸದ ರುಚಿಗೆ ಹೆಸರಾದ ಶಂಖುಹುಳು ಇದೆ. 1970ರ ದಶಕದ ಕೊನೆಯಲ್ಲಿ ಪರದೇಶದ ಬೇಡಿಕೆ ಬಂದು ಬೆಲೆಯೇರಿತು. ಎಲ್ಲರೂ ಮುಗಿಬಿದ್ದರು. ಊರವರು ಬಿಟ್ಟುದನ್ನು ಹೊರಗಿನವರು ಕಿತ್ತರು. ಹೊರಗಿನವರು ಕೀಳುವರೆಂದು ಊರವರೂ ಬಿಡಲಿಲ್ಲ. ಕೊನೆಗೆ 1989ರಲ್ಲಿ ಸರ್ಕಾರವು ದೇಶಾದ್ಯಂತ ಲೋಕೋ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು.

ಅದಕ್ಕೂ ಮೊದಲು, 1982ರಲ್ಲಿ, ಲಾಸ್ ಕ್ರೂಸಸ್ ಎಂಬಲ್ಲಿಯ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರದವರು ತಮ್ಮ ಮುಂದಿನ ತೀರದ ಒಂದು ತುಂಡಿಗೆ ಜನರು ಹೋಗದಂತೆ ಬೇಲಿ ಹಾಕಿದ್ದರು. ಹುವಾನ್ ಕಾರ್ಲೋಸ್ ಕಾಸ್ಟಿಲ್ಯಾ ಎಂಬವರು ಅದರ ಮುಂದಾಳು. ಬೇಲಿಯ ಹೊರಗೆ ಸಣ್ಣ ಕಪ್ಪು ಚಿಪ್ಪು ಕಂಬಳಿಯಂತೆ ಕಲ್ಲನ್ನು ಮುಚ್ಚಿತ್ತು. ಬೇಲಿಯ ಒಳಗೆ ಲೋಕೋ ಹೆಚ್ಚಿದುವು, ಆ ಚಿಪ್ಪನ್ನು ತಿಂದು ಕಲ್ಲನ್ನು ತೆರವುಮಾಡಿದುವು, ಬೇರೆ ಜೀವಿಗಳು ಬಂದು ನೆಲೆಸಿದುವು. ಪೇಯ್ನ್‌ನ ತೀರದಲ್ಲಿ ನಕ್ಷತ್ರಮೀನು ಮಾಡಿದ ಕೆಲಸವನ್ನು ಇಲ್ಲಿ ಲೋಕೋ ಮಾಡುತ್ತಿತ್ತು. ಅದನ್ನು ಕಿತ್ತು ಬಂಡೆಯ ರೂಪವನ್ನೇ ಬದಲಿಸಿದವನು ಮನುಷ್ಯ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಬಂಡೆ ತಾನಾಗಿ ತುಂಬುತ್ತದೆಂಬುದನ್ನು ಬೆಸ್ತರು ಕಣ್ಣಾರೆ ಕಂಡರು. 1991ರಲ್ಲಿ ಬಂದ ಕಾನೂನಿನಂತೆ ಬೆಸ್ತರ ಸಂಘಗಳಿಗೆ ತಮ್ಮ ಊರಿನ ಮುಂದಿನ ಕಡಲತಳದ ಒಂದೊಂದು ತುಂಡನ್ನು ವಹಿಸಿಕೊಡುವ ಏರ್ಪಾಡಾಯಿತು. ಆ ತುಂಡಿನಲ್ಲಿ ಬೇರೆಯವರು ಕೀಳುವಂತಿಲ್ಲ. ಸಂಘದವರೂ ಮನಬಂದಂತೆ ಕೀಳುವಂತಿಲ್ಲ; ಎಣಿಕೆ ಮಾಡಿಸಿ, ಇಷ್ಟೇ ಎಂದು ಗೊತ್ತುಪಡಿಸಿಕೊಂಡು ತೆಗೆಯಬೇಕು. ಎಲ್ಲ ಸಂಘಗಳೂ ಸಮನಾಗಿ ಗೆದ್ದಿಲ್ಲ. ರಾತ್ರಿಯ ಕಳ್ಳತನ ಅಲ್ಲಿಯೂ ಇದೆ. ಆದರೂ ಯಾರದೂ ಅಲ್ಲದ ಬಂಡೆಗೆ ಒಬ್ಬ ಯಜಮಾನ ಸಿಕ್ಕಿದುದು ದೊಡ್ಡ ಬದಲಾವಣೆಯೇ.

ಸಮೀಪದ ಉದಾಹರಣೆ ಬೇಕಾದರೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿದೆ. ಅದು ಬಂಡೆಯಲ್ಲ, ಕೆಸರು ಮರಳಿನ ನೆಲ. ಬೆಳೆ ಪಚ್ಚಿಲೆಯಲ್ಲ, ನಮ್ಮ ಬಳಚು ಅಥವಾ ಮರುವಾಯಿಯಂಥ ಚಿಪ್ಪು. ಆದರೆ ಪಾಠ ಒಂದೇ. 1980ರ ದಶಕದಲ್ಲಿ ರಫ್ತು ಆರಂಭವಾಗಿ, 1990ರ ದಶಕದಲ್ಲಿ ಫಸಲು ಕುಸಿಯಿತು. ಆಮೇಲೆ ಬೆದೆಯ ಕಾಲವಾದ ಡಿಸೆಂಬರಿನಿಂದ ಫೆಬ್ರವರಿಯವರೆಗೆ ತೆಗೆಯುವುದನ್ನು ನಿಲ್ಲಿಸಿದರು. ಸಣ್ಣ ಚಿಪ್ಪು ಸೋರಿಹೋಗುವಂತೆ ಬಲೆಯ ಕಣ್ಣನ್ನು ದೊಡ್ಡದು ಮಾಡಿದರು. ಫಸಲು ಚೇತರಿಸಿಕೊಂಡಿತು. 2014ರಲ್ಲಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು, ಸಂಪತ್ತನ್ನು ಕಾಯ್ದುಕೊಂಡು ನಡೆಸುವ ಮೀನುಗಾರಿಕೆಯೆಂದು ಇದಕ್ಕೆ ಪ್ರಮಾಣಪತ್ರ ಕೊಟ್ಟಿತು. ಭಾರತದಲ್ಲಿ ಅಂಥ ಪತ್ರ ಪಡೆದ ಮೊದಲ ಮೀನುಗಾರಿಕೆ ಅದು.

ಈಗ ನಮ್ಮ ಪಚ್ಚಿಲೆಯ ವಿಷಯ. ಬೆಳೆದ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಪಶ್ಚಿಮ ತೀರದಲ್ಲಿ ಇದರ ಸಂತಾನಕಾಲ ಮುಖ್ಯವಾಗಿ ಮಳೆಗಾಲ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಎರಡು ಮೂರು ವಾರ ನೀರಿನಲ್ಲಿ ತೇಲಿ, ಮಳೆ ಹಿಂಜರಿಯುವ ಹೊತ್ತಿಗೆ ನೆಲೆಯನ್ನು ಹುಡುಕುತ್ತವೆ. ಸಿಕ್ಕಿದೊಡನೆ ರೇಷ್ಮೆಯಂಥ ಎಳೆಗಳನ್ನು ಬಿಟ್ಟು ಕಲ್ಲಿಗೆ ಕಟ್ಟಿಕೊಳ್ಳುತ್ತವೆ. ಮರಿಗಳಿಗೆ ಬೇಕಾದುದು ಒರಟಾದ ಮೈ, ಪಾಚಿಯ ನಾರು, ದೊಡ್ಡ ಪಚ್ಚಿಲೆಗಳ ನಡುವಿನ ಸಂದು. ಇದನ್ನು ತಿಳಿದರೆ ನಮ್ಮ ಒಂದು ಕೆಟ್ಟ ರೂಢಿಯ ಹಾನಿ ಸ್ಪಷ್ಟವಾಗುತ್ತದೆ. ಹಾರೆ ಹಾಕಿ ಚಾಪೆ ಸುತ್ತಿದಂತೆ ಇಡೀ ಪದರವನ್ನೇ ಎಬ್ಬಿ, ದಡಕ್ಕೆ ತಂದು, ದೊಡ್ಡದನ್ನು ಆರಿಸಿಕೊಂಡು ಸಣ್ಣದನ್ನು ಮರಳಿನಲ್ಲಿ ಚೆಲ್ಲಿ ಹೋಗುವವರಿದ್ದಾರೆ. ಚೆಲ್ಲಿದುವು ಸಾಯುತ್ತವೆ. ಬಂಡೆ ನುಣ್ಣಗೆ ಬೋಳಾಗುತ್ತದೆ. ಬಿತ್ತನೆಯ ಬೀಜವನ್ನೂ ಕುಟ್ಟಿ, ಗದ್ದೆಯ ಮೇಲ್ಮಣ್ಣನ್ನೂ ಕೆರೆದು ಹಾಕಿದ ಹಾಗಾಯಿತು.

ಹಳೆಯ ಕಾಲದ ಹೆಂಗಸರು ಸಣ್ಣ ಕತ್ತಿ ಹಿಡಿದು, ಒಂದೊಂದಾಗಿ ದೊಡ್ಡದನ್ನು ಬಿಡಿಸಿಕೊಂಡು, ಸುತ್ತಲಿನದನ್ನು ಹಾಗೆಯೇ ಬಿಡುತ್ತಿದ್ದ ಪದ್ಧತಿ ಕೆಲವು ಊರುಗಳಲ್ಲಿ ಇನ್ನೂ ಉಳಿದಿದೆ. ಅದು ನಿಧಾನ, ನಿಜ. ಆದರೆ ಅದೇ ಸರಿಯಾದ ಪದ್ಧತಿ. ಎರಡು ಬೆರಳಿಗಿಂತ ಚಿಕ್ಕದನ್ನು ಮುಟ್ಟದಿರುವುದು, ಮಳೆ ನಿಂತ ಮೇಲೆ ಮರಿ ಕೂರುವ ಎರಡು ತಿಂಗಳು ಆ ಬಂಡೆಗಳ ಮೇಲೆ ತುಳಿಯದಿರುವುದು, ಊರಿನ ಬಂಡೆಗಳನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿಗೆ ಬಿಡುವು ಕೊಡುವುದು: ಇಷ್ಟನ್ನು ಹಿಡಿದು ನಡೆದರೆ ಪೊಲೀಸರ ಅಗತ್ಯವೇ ಬೀಳದು. ಜಾನುವಾರುಗಳಿಗೆ ಬೇಣವನ್ನು ಸರದಿಯಂತೆ ಬಿಡುವ ಲೆಕ್ಕಾಚಾರ ತಿಳಿದವರಿಗೆ ಇದು ಹೊಸತಲ್ಲ.

ಪಚ್ಚಿಲೆಯನ್ನು ಸಾಕಬಹುದು ಎಂಬುದನ್ನೂ ಇಲ್ಲಿ ಹೇಳಬೇಕು. ಮರಿಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟಿ, ಹೊಳೆಬಾಯಿಯ ಉಪ್ಪುನೀರಿನಲ್ಲಿ ಇಳಿಬಿಟ್ಟರೆ, ಬಟ್ಟೆ ಕರಗುವ ಹೊತ್ತಿಗೆ ಅವು ಹಗ್ಗಕ್ಕೇ ಅಂಟಿಕೊಂಡಿರುತ್ತವೆ. ಮಳೆ ನಿಂತ ಮೇಲೆ ಕಟ್ಟಿ ಮುಂದಿನ ಮಳೆಗೆ ಮುಂಚೆ ತೆಗೆಯಬಹುದು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಈ ವಿಧಾನವನ್ನು ಬಳಕೆಗೆ ತಂದಿದ್ದು, ಕೇರಳದ ಮಹಿಳಾ ಸಂಘಗಳು ಇದರಿಂದ ಆದಾಯ ಮಾಡಿಕೊಂಡಿವೆ. ಆದರೆ ಮರಿ ಬರುವುದು ಬಂಡೆಯಿಂದಲೇ. ಸಾಕಣೆಗೆಂದು ಬಂಡೆಯ ಮರಿಯನ್ನೆಲ್ಲ ಬಳಿದುಬಿಟ್ಟರೆ ಸಸಿಮಡಿಯನ್ನೇ ಮೇಯಿಸಿದಂತೆ.

ತಿನ್ನುವವರಿಗೆ ಒಂದು ಎಚ್ಚರಿಕೆ ಅಗತ್ಯ. ಕಲ್ವ, ಪಚ್ಚಿಲೆ, ಮರುವಾಯಿಗಳು ಗಂಟೆಗೆ ಲೀಟರುಗಟ್ಟಲೆ ನೀರನ್ನು ಸೋಸಿ ಅದರಲ್ಲಿರುವ ಕಣಗಳನ್ನು ತಿನ್ನುತ್ತವೆ. ಹೀಗಾಗಿ ಕಡಲನ್ನು ಶುಚಿಮಾಡುವ ಉಪಕಾರ ಇವುಗಳಿಂದ ಆಗುತ್ತದೆ. ಆದರೆ ನೀರಿನಲ್ಲಿ ಕೊಳಕಿದ್ದರೆ ಅದು ಇವುಗಳ ಹೊಟ್ಟೆಯಲ್ಲಿ ಕೂಡಿಕೊಳ್ಳುತ್ತದೆ. ಚರಂಡಿ ಬಂದು ಸೇರುವ ಜಾಗದ ಚಿಪ್ಪನ್ನು ತಿನ್ನಬೇಡಿರಿ. ಇದಕ್ಕಿಂತ ಘೋರವಾದುದು ಕಡಲಿನಲ್ಲಿ ಕೆಲವೊಮ್ಮೆ ಹೆಚ್ಚುವ ವಿಷಪಾಚಿ. ಅದು ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯ. ಅದನ್ನು ಸೋಸಿ ತಿಂದ ಚಿಪ್ಪಿಗೆ ಏನೂ ಆಗುವುದಿಲ್ಲ, ಚಿಪ್ಪನ್ನು ತಿಂದ ಮನುಷ್ಯನ ನರಗಳು ಸ್ತಬ್ಧವಾಗುತ್ತವೆ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಕಡೆ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡನು. 1997ರಲ್ಲಿ ಕೇರಳದ ವಿಳಿಂಞದಲ್ಲಿ ಪಚ್ಚಿಲೆಯ ಬಳಗದ ಚಿಪ್ಪನ್ನು ತಿಂದು ಏಳು ಮಂದಿ ಸತ್ತರು. ಎಷ್ಟು ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಕಡಲ ನೀರು ಕೆಂಪು, ಕಂದು ಅಥವಾ ಗಾಢ ಹಸಿರು ಬಣ್ಣಕ್ಕೆ ತಿರುಗಿದ ದಿನಗಳಲ್ಲಿ ಚಿಪ್ಪನ್ನು ಕೀಳಲೇಬಾರದು. ಬಣ್ಣ ಕಾಣದಿದ್ದಾಗಲೂ ವಿಷವಿರಬಹುದು. ತಿಂದ ಮೇಲೆ ತುಟಿ, ನಾಲಗೆ, ಬೆರಳ ತುದಿ ಜೋಮುಹಿಡಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಉಸಿರಾಟಕ್ಕೆ ನೆರವು ಸಿಕ್ಕಿದರೆ ಪ್ರಾಣ ಉಳಿಯುತ್ತದೆ.

ಇನ್ನು, ಮಳೆಗಾಲದ ಆ ಕಾಗದದಂಥ ಪಾಚಿಯ ಕಥೆ. ಜಪಾನಿನವರು ಇದರ ಬಂಧುವನ್ನು ನೋರಿ ಎಂದು ಕರೆದು, ಒಣಗಿಸಿ, ಅನ್ನಕ್ಕೆ ಸುತ್ತಿ ತಿನ್ನುತ್ತಾರೆ. ಶತಮಾನಗಳಿಂದ ಬೆಳೆಯುತ್ತಿದ್ದರೂ ಅದರ ಬೀಜ ಎಲ್ಲಿಂದ ಬರುತ್ತದೆಂದು ಅವರಿಗೆ ತಿಳಿದಿರಲಿಲ್ಲ. ಬೇಸಗೆಯಲ್ಲಿ ಕಾಣೆಯಾಗಿ ಚಳಿಗಾಲಕ್ಕೆ ಮೊಳೆಯುತ್ತಿತ್ತು. ಎರಡನೆಯ ಮಹಾಯುದ್ಧದ ಬೆನ್ನಿಗೆ ಬೆಳೆ ನಾಶವಾಗಿ ಹಳ್ಳಿಗಳು ಕಂಗೆಟ್ಟವು. 1949ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ ಎಂಬ ಮಹಿಳೆ, ಆ ಪಾಚಿಯ ಬೀಜಾಣು ಸತ್ತ ಚಿಪ್ಪುಗಳೊಳಗೆ ಕೊರೆದು ಹೊಕ್ಕು, ಎಳೆಎಳೆಯಾಗಿ ಅಡಗಿದ್ದು, ಕಾಲ ಬಂದಾಗ ಹೊರಟುಬರುತ್ತದೆಂದು ಕಂಡುಹಿಡಿದಳು. ಜಪಾನಿನವರು ಚಿಪ್ಪಿನಲ್ಲಿ ಬೀಜ ಬೆಳೆಸುವುದನ್ನು ಕಲಿತರು, ಬೆಳೆ ಮರಳಿತು. ಆಕೆ ಒಂದು ದಿನವೂ ಜಪಾನನ್ನು ಕಂಡವಳಲ್ಲ. ಆದರೂ ಅಲ್ಲಿಯ ಬೆಸ್ತರು 1963ರಲ್ಲಿ ಕಡಲಿನೆದುರು ಆಕೆಯ ಸ್ಮಾರಕ ಕಟ್ಟಿಸಿದರು. ಖಾಲಿ ಚಿಪ್ಪನ್ನೆಲ್ಲ ಗೋಣಿಗೆ ತುಂಬಿ ಸುಣ್ಣದ ಗೂಡಿಗೆ ಕಳುಹಿಸುವವರು ಇದನ್ನು ನೆನೆಯಬೇಕು. ಸತ್ತ ಚಿಪ್ಪು ಪಾಚಿಗೆ ಬೀಜದ ಕಣಜ, ಸನ್ಯಾಸಿ ಏಡಿಗೆ ಮನೆ, ಕಲ್ವದ ಮರಿಗೆ ಕೂರುವ ಮಣೆ.

ಬಂಡೆಗೆ ಬರುವ ಕೇಡುಗಳಲ್ಲಿ ದೊಡ್ಡವು ನಮ್ಮ ಕೈಯಲ್ಲಿಲ್ಲ. ರಸ್ತೆ, ಬಂದರು, ತಡೆಗೋಡೆಗಳ ಕೆಲಸದಿಂದ ಬರುವ ಮಣ್ಣು ಬಂಡೆಯ ಮೇಲೆ ಕೂತರೆ ಚಿಪ್ಪಿನ ಉಸಿರು ಕಟ್ಟುತ್ತದೆ. ಇದನ್ನು ಪಂಚಾಯತಿಯು ಬರಹದಲ್ಲಿ ಮೇಲಿನವರಿಗೆ ತಿಳಿಸಬೇಕು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಭರತದ ಮತ್ತು ಇಳಿತದ ಗೆರೆಗಳ ನಡುವಿನ ಜಾಗದಲ್ಲಿ ಮನಬಂದಂತೆ ಕಟ್ಟುವಂತಿಲ್ಲ. ಕೈಯಲ್ಲಿರುವ ಸಣ್ಣ ಸಂಗತಿಗಳೂ ಇವೆ. ಏಡಿ ಹುಡುಕುವಾಗ ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ಮರಳಿ ಇಡಿರಿ. ಅಡಿಯಲ್ಲಿ ನೆರಳನ್ನೇ ನಂಬಿ ಬದುಕುವ ಜೀವಿಗಳು ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತವೆ. ಮೇಲಿದ್ದ ಪಾಚಿ ಅಡಿಗೆ ಸಿಕ್ಕಿ ಕೊಳೆಯುತ್ತದೆ. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ. ಹರಿದ ನೈಲಾನ್ ಬಲೆಯನ್ನು ಕಡಲಿಗೆ ಬಿಸಾಡಬೇಡಿರಿ. ಅದು ಬಂಡೆಗೆ ಸಿಕ್ಕಿಕೊಂಡು, ಯಾರ ಉಪಯೋಗಕ್ಕೂ ಬಾರದೆ, ವರ್ಷಗಟ್ಟಲೆ ಮೀನು ಕೊಲ್ಲುತ್ತಲೇ ಇರುತ್ತದೆ. ಮೊಟ್ಟೆ ಹೊತ್ತ ಲಾಬ್‌ಸ್ಟರ್ ಸಿಕ್ಕಿದರೆ ನೀರಿಗೇ ಬಿಡಿರಿ.

ಹವಳದ ಮಾತೂ ಇಲ್ಲಿಯೇ ಬರಬೇಕು. ಮಳೆಗಾಲದ ಹೊಳೆಗಳು ಸಿಹಿನೀರನ್ನೂ ಕೆಸರನ್ನೂ ತಂದು ಸುರಿಯುವ ನಮ್ಮ ತೀರದಲ್ಲಿ ಹವಳ ಬೆಳೆಯುವುದು ಕಷ್ಟ. ದಡದಿಂದ ದೂರವಿರುವ ದ್ವೀಪಗಳ ಸುತ್ತ ಮಾತ್ರ ಅದಕ್ಕೆ ತಿಳಿನೀರು ಸಿಗುತ್ತದೆ. ಮುರುಡೇಶ್ವರದ ಎದುರಿಗೆ ಸುಮಾರು ಹತ್ತು ನಾಟಿಕಲ್ ಮೈಲಿನಾಚೆ ಇರುವ ನೇತ್ರಾಣಿಯು ಅಂಥ ಎಡೆ. ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಸಣ್ಣ ಸಣ್ಣ ಪ್ರಾಣಿಗಳ ಊರು. ಪ್ರತಿಯೊಂದರ ಮೈಯೊಳಗೂ ಸೂಕ್ಷ್ಮ ಪಾಚಿ ಒಕ್ಕಲಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೆ ಗೇಣಿ ಕೊಡುತ್ತದೆ. ಬೇಸಗೆಯ ಎಂದಿನ ಬಿಸಿಗಿಂತ ನೀರು ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತರೆ ಹವಳವು ಈ ಒಕ್ಕಲನ್ನು ಹೊರದೂಡುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ನೀರು ಬೇಗ ತಣಿದರೆ ಬದುಕುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹೀಗಾಯಿತು. ಕಡಲು ಕಾಯುವುದನ್ನು ಒಂದು ಹಳ್ಳಿ ತಡೆಯಲಾರದು. ಆದರೆ ಲಂಗರು ಬಿದ್ದು ಮುರಿದ, ಕೆಸರು ಕೂತ ಹವಳಕ್ಕಿಂತ ಗಾಯವಿಲ್ಲದ ಹವಳ ಬಿಸಿಯಿಂದ ಬೇಗ ಚೇತರಿಸಿಕೊಳ್ಳುತ್ತದೆ. ಪ್ರವಾಸಿಗಳನ್ನು ಕರೆದೊಯ್ಯುವ ದೋಣಿಯವರು ಹವಳದ ಮೇಲೆ ಲಂಗರು ಹಾಕಬಾರದು. ಹವಳವನ್ನು ಕೀಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಹುಲಿಗೆ ಯಾವ ಪಟ್ಟಿಯೋ ಹವಳಕ್ಕೂ ಅದೇ ಪಟ್ಟಿ.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜೀವಸಂಪತ್ತನ್ನು ಜನತಾ ದಾಖಲೆಯಲ್ಲಿ ಬರೆದಿಡಬೇಕು. ಈ ದಾಖಲೆಯಲ್ಲಿ ಮರ, ಬಳ್ಳಿ, ಔಷಧಿ ಸಸ್ಯಗಳನ್ನು ಬರೆದಂತೆ ಬಂಡೆಯ ಜೀವಿಗಳನ್ನೂ ಬರೆಯಿರಿ. ಕೆಲಸ ಕಷ್ಟದ್ದಲ್ಲ. ಬಿದಿರಿನ ನಾಲ್ಕು ತುಂಡು ಕಟ್ಟಿ ಅರ್ಧ ಮೀಟರ್ ಚೌಕದ ಒಂದು ಚೌಕಟ್ಟು ಮಾಡಿಕೊಳ್ಳಿರಿ. ಬಂಡೆಯ ಬೆಟ್ಟು, ಮಜಲು, ಬೈಲುಗಳಲ್ಲಿ ಐದೈದು ಎಡೆ ಗೊತ್ತುಮಾಡಿ, ಮಾಸದ ಬಣ್ಣದಿಂದ ಕಲ್ಲಿನ ಮೂಲೆಗೆ ಸಣ್ಣ ಗುರುತು ಹಾಕಿರಿ. ಚೌಕಟ್ಟನ್ನು ಅಲ್ಲಿಟ್ಟು ಒಳಗೆ ಪಚ್ಚಿಲೆ ಎಷ್ಟು, ಅವುಗಳಲ್ಲಿ ಎರಡು ಬೆರಳಿಗಿಂತ ದೊಡ್ಡವೆಷ್ಟು, ಕಲ್ವ ಎಷ್ಟು, ಬರಿಗಲ್ಲು ಎಷ್ಟು ಪಾಲು ಎಂದು ಎಣಿಸಿ ಬರೆಯಿರಿ. ಹೆಸರು ಗೊತ್ತಿಲ್ಲದ ಜೀವಿಯಿದ್ದರೆ ಊರಿನ ಹೆಸರನ್ನೇ ಬರೆಯಿರಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡಿರಿ. ಚಿಪ್ಪು ಕೀಳುವ ಹೆಂಗಸರನ್ನು ಈ ಎಣಿಕೆಗೆ ಮೊದಲು ಕರೆಯಬೇಕು. ಯಾವ ಬಂಡೆ ಯಾವ ವರ್ಷ ಫಸಲು ಕೊಟ್ಟಿತೆಂಬುದು ಅವರಿಗೆ ಬಾಯಿಪಾಠ. ಶಾಲೆಯ ಮಕ್ಕಳು ಜೊತೆಗಿರಲಿ, ಆದರೆ ಕಾಲಿಗೆ ಚಪ್ಪಲಿ ಇರಬೇಕು, ತೆರೆಗೆ ಬೆನ್ನು ಹಾಕಿ ನಿಲ್ಲಬಾರದು.

ಎಣಿಕೆಯನ್ನು ವರ್ಷಕ್ಕೆ ಎರಡು ಸಲ ಮಾಡಿರಿ: ದೀಪಾವಳಿಯ ಅಮಾವಾಸ್ಯೆಯ ಇಳಿತಕ್ಕೆ ಒಮ್ಮೆ, ಆಗ ಹೊಸ ಮರಿ ಎಷ್ಟು ಕೂತಿದೆಯೆಂದು ಕಾಣುತ್ತದೆ, ಯುಗಾದಿಯ ಸಮೀಪದ ಅಮಾವಾಸ್ಯೆಗೆ ಇನ್ನೊಮ್ಮೆ, ಆಗ ಉಳಿದುದೆಷ್ಟು ಎಂದು ತಿಳಿಯುತ್ತದೆ. ಇಳಿತದ ಸಮಯವನ್ನು ಮೀನುಗಾರಿಕೆ ಇಲಾಖೆಯವರಲ್ಲಿ ಅಥವಾ ಬಂದರಿನಲ್ಲಿ ಮುಂಚಿತವಾಗಿ ಕೇಳಿಕೊಂಡು, ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಬಂಡೆಯ ಮೇಲಿರಬೇಕು. ಕೆಳಗಿನಿಂದ ಎಣಿಕೆ ಆರಂಭಿಸಿ ನೀರಿನೊಂದಿಗೆ ಮೇಲಕ್ಕೆ ಬನ್ನಿರಿ. ಪುಸ್ತಕವು ಪಂಚಾಯತಿ ಕಚೇರಿಯಲ್ಲಿರಲಿ.